ಚಂದ್ರಗುತ್ತಿಯ ಒತ್ತಕ್ಷರ: ದೂರದ ಪರದೆಯ ಬದಲಾವಣೆಯನ್ನು ಪತ್ತೆಹಚ್ಚುವ ಕ್ರಮ ಕುರಿತು ಒಂದು ತಕರಾರು

ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶಗಳು ಪ್ರತಿ ಸಲವೂ ಇಡೀ ಪರದೆಯನ್ನು ಕಳಿಸುವುದಿಲ್ಲ, ಬದಲಾದ ಭಾಗವನ್ನಷ್ಟೇ ಕಳಿಸುತ್ತವೆ. ಇದರ ಬಗ್ಗೆ ಯಾರದೂ ಭಿನ್ನಾಭಿಪ್ರಾಯವಿಲ್ಲ. 1920×1080 ಪಿಕ್ಸೆಲ್‌ಗಳ ಪರದೆಯಲ್ಲಿ ಪಿಕ್ಸೆಲ್ಲಿಗೆ 4 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ 82,94,400 ಬೈಟ್ ಆಗುತ್ತದೆ. ಮೊಬೈಲ್ ಸಂಪರ್ಕದಲ್ಲಿ ಅಷ್ಟನ್ನು ಸೆಕೆಂಡಿಗೆ ಹತ್ತಾರು ಸಲ ಸಾಗಿಸುವುದು ಆಗದ ಮಾತು. ಆದರೆ ಪರದೆಯಲ್ಲಿ ಬದಲಾಗಿದ್ದೇನು ಎಂದು ತಿಳಿಯುವುದು ಹೇಗೆ? ವಿದ್ವಾಂಸರ ದಾರಿ ಕವಲಾಗುವುದು ಇಲ್ಲಿ.

ಕೇಂಬ್ರಿಡ್ಜ್‌ನ ಒಲಿವೆಟ್ಟಿ ಪ್ರಯೋಗಾಲಯದ ರಿಚರ್ಡ್‌ಸನ್ ಮತ್ತು ಸಂಗಡಿಗರು 1998ರಲ್ಲಿ ವಿಎನ್‌ಸಿಯನ್ನು ವಿವರಿಸಿದರು. ಇಂಥ ಜಾಗದಲ್ಲಿ ಇಂಥ ಪಿಕ್ಸೆಲ್‌ಗಳ ಆಯತವನ್ನು ಇಡು ಎಂಬ ಒಂದೇ ಆಜ್ಞೆ ಅದರ ತಳಪಾಯ. ನೋಡುವ ಕಡೆಯ ಯಂತ್ರ ಕೇಳಿದಾಗ ಮಾತ್ರ ಸರ್ವರ್ ಕಳಿಸುತ್ತದೆ. ಎರಡು ಕೇಳಿಕೆಗಳ ನಡುವೆ ಬಂದು ಹೋದ ಸ್ಥಿತಿಗಳು ಬಿಟ್ಟುಹೋಗುತ್ತವೆ. 2011ರಲ್ಲಿ ಇದು ಆರ್‌ಎಫ್‌ಸಿ 6143 ಆಗಿ ದಾಖಲಾಯಿತು. ಮೈಕ್ರೋಸಾಫ್ಟ್‌ನ ಆರ್‌ಡಿಪಿ ಮೊದಮೊದಲು ಹೆಚ್ಚಾಗಿ ಗೆರೆ, ಆಯತ, ಅಕ್ಷರಗಳನ್ನು ಬರೆಯುವ ಆಜ್ಞೆಗಳನ್ನೇ ಕಳಿಸುತ್ತಿತ್ತು. ಇಷ್ಟು ಪೂರ್ವಪೀಠಿಕೆ ಸಾಕು.

2005ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬರಾಟೊ, ಕಿಮ್ ಮತ್ತು ನೀಹ್ ‘ಥಿಂಕ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಚಿತ್ರಿಸುವ ಆಜ್ಞೆ ಪಿಕ್ಸೆಲ್ಲಾಗಿ ಕರಗಿದ ಮೇಲೆ ಅದರ ಅರ್ಥ ಕೈತಪ್ಪುತ್ತದೆ, ಆದ್ದರಿಂದ ಡ್ರೈವರ್ ಮಟ್ಟದಲ್ಲೇ ಅದನ್ನು ಹಿಡಿಯಬೇಕು ಎಂಬುದು ಅವರ ವಾದ. ವೆಬ್ ಪುಟ ಮತ್ತು ವಿಡಿಯೊಗಳ ಮೇಲೆ ಅವರು ಮಾಡಿದ ಪರೀಕ್ಷೆಗಳು ಗಟ್ಟಿಯಾಗಿಯೇ ಇವೆ. ಆದರೆ ಸಂಯುಕ್ತಾಕ್ಷರದ ಲಿಪಿಯಲ್ಲಿ ಟೈಪ್ ಮಾಡುವುದು ಆ ಪರೀಕ್ಷೆಯೊಳಗೆ ಬಂದಿಲ್ಲ. ಕನ್ನಡದ ಮಟ್ಟಿಗೆ ಆಜ್ಞೆಯನ್ನು ಬಲ್ಲವನಿಗೂ ಹಿಂದಿನ ಚಿತ್ರದೊಂದಿಗೆ ಪಿಕ್ಸೆಲ್ ಹೋಲಿಕೆ ತಪ್ಪುವುದಿಲ್ಲ ಎಂಬುದು ಈ ಲೇಖನದ ನಿಲುವು.

ಒಂದು ಉದಾಹರಣೆ ನೋಡೋಣ. ಬಿ. ಎಲ್. ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳೂ 8ನೆಯದರಲ್ಲಿ ಸೊರಬದವೂ ಇವೆ. ಇವುಗಳ ಊರುಪಟ್ಟಿಯನ್ನು ಒಬ್ಬರು ದೂರದ ಯಂತ್ರದಲ್ಲಿ ಟೈಪ್ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಸೊರಬ ತಾಲ್ಲೂಕಿನ ‘ಚಂದ್ರಗುತ್ತಿ’ಯ ಸರದಿ ಬಂತು. ನುಡಿ ಕೀಲಿಮಣೆಯಲ್ಲಿ ಇದಕ್ಕೆ 11 ಸಲ ಕೀಲಿ ಒತ್ತಬೇಕು. ಚ, ಸೊನ್ನೆ, ದ ಇವು ಒಂದರ ಬಲಕ್ಕೊಂದು ಕೂರುತ್ತವೆ. ನಾಲ್ಕನೆಯದಾಗಿ ಅಕ್ಷರಗಳನ್ನು ಕೂಡಿಸುವ ಎಫ್ ಕೀಲಿ ಒತ್ತಿದೊಡನೆ, ಆಗಲೇ ಬರೆದಾಗಿದ್ದ ‘ದ’ದ ತಲೆಕಟ್ಟು ಹೋಗಿ ‘ದ್’ ಆಗುತ್ತದೆ. ಐದನೆಯದಾಗಿ ‘ರ’ ಒತ್ತಿದರೆ ತಲೆಕಟ್ಟು ಮರಳಿ ಬಂದು ಬುಡದಲ್ಲಿ ರ-ಒತ್ತು ಮೂಡುತ್ತದೆ. ‘ತ್ತಿ’ಯಲ್ಲೂ ಇದೇ ಆಟ, ಕೊನೆಗೆ ಗುಡಿಸು ಹಾಕಿದಾಗ ಒತ್ತು ಇದ್ದಲ್ಲೇ ಇದ್ದು ಮೇಲಿನ ‘ತ’ ಮಾತ್ರ ರೂಪ ಬದಲಿಸುತ್ತದೆ.

ಇಂಗ್ಲಿಷಿನಲ್ಲಿ ಹೊಸ ಅಕ್ಷರ ಸಾಮಾನ್ಯವಾಗಿ ಹಳೆಯದನ್ನು ಮುಟ್ಟುವುದಿಲ್ಲ. ಕನ್ನಡದಲ್ಲಿ ಹಿಂದಿನದನ್ನು ಅಳಿಸಿ ಮತ್ತೆ ಬರೆಯಲೇಬೇಕು. ಎಷ್ಟು ಅಳಿಸಬೇಕೆಂದು ತೀರ್ಮಾನಿಸುವುದು ಆಯಾ ತಂತ್ರಾಂಶ. ಎಷ್ಟೋ ತಂತ್ರಾಂಶಗಳು ಇಡೀ ಸಾಲನ್ನೇ ಮತ್ತೆ ಬರೆದುಬಿಡುತ್ತವೆ. ಸಾಲು 1000×40 ಪಿಕ್ಸೆಲ್ ಎಂದರೆ 1,60,000 ಬೈಟ್; ನಿಜವಾಗಿ ಬದಲಾದ ಅಕ್ಷರದ ಚೌಕ 40×40 ಎಂದರೆ 6,400 ಬೈಟ್. ‘ಈ ಸಾಲು ಬದಲಾಯಿತು’ ಎಂಬ ವರದಿಯನ್ನೇ ನೆಚ್ಚಿಕೊಂಡರೆ, ಅಡಕಗೊಳಿಸುವ ಮುನ್ನ, 25 ಪಟ್ಟು ಹೆಚ್ಚು ಹೊರೆ. ಇದು ಕಾಗದದ ಮೇಲಿನ ಲೆಕ್ಕ. ಅಡಕಗೊಳಿಸಿದ ಮೇಲೆ ಅಂತರ ಕುಗ್ಗುತ್ತದೆ. ಆದರೂ ಬಳಕೆಯಲ್ಲಿರುವ ಸಾಧನಗಳು ಈ ನಿಲುವಿಗೆ ಇಂಬು ಕೊಡುತ್ತವೆ. ಎಕ್ಸ್11ವಿಎನ್‌ಸಿ ಎಂಬ ವಿಎನ್‌ಸಿ ಸರ್ವರ್, ಬದಲಾದ ಜಾಗವನ್ನು ತಿಳಿಸುವ ಡ್ಯಾಮೇಜ್ ವಿಸ್ತರಣೆಯ ವರದಿಯನ್ನು ಸುಳಿವೆಂದಷ್ಟೇ ಹಿಡಿದು ತಾನೇ ಹೋಲಿಸಿ ನೋಡುತ್ತದೆ. ಟೈಗರ್‌ವಿಎನ್‌ಸಿಯಲ್ಲೂ ಅನಗತ್ಯ ರವಾನೆ ತಪ್ಪಿಸಲು ಪಿಕ್ಸೆಲ್ ಹೋಲಿಕೆಯ ಏರ್ಪಾಡಿದೆ.

ಹಾಗೆಂದು ಹೋಲಿಕೆಯೊಂದೇ ಸಾಕೆನ್ನುವಂತಿಲ್ಲ. ಸುಳಿವಿಲ್ಲದೆ ಹುಡುಕುವಾಗ ಎಕ್ಸ್11ವಿಎನ್‌ಸಿ ಪರದೆಯನ್ನು 32×32ರ ಬಿಲ್ಲೆಗಳಾಗಿ ವಿಂಗಡಿಸಿ, ಒಂದು ಸುತ್ತಿಗೆ 32 ಅಡ್ಡಸಾಲುಗಳಲ್ಲಿ ಒಂದನ್ನು ಮಾತ್ರ ಇಣುಕುತ್ತದೆ. ಮುಂದಿನ ಸುತ್ತಿನಲ್ಲಿ ಬೇರೊಂದನ್ನು. ನಡುವಿನ ‘ದ್’ ಕಣ್ಣಿಗೆ ಬೀಳದೆ ಹೋಯಿತೆನ್ನಿ. ಆಗ ‘ದ’ಕ್ಕೂ ‘ದ್ರ’ಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಬುಡದ ಒತ್ತಿನದಷ್ಟೇ. ಇಣುಕಿದ ಸಾಲು ಅಕ್ಷರದ ನಡುವಲ್ಲಿ ಹಾದುಹೋದರೆ ಏನೂ ಬದಲಾಗಿಲ್ಲವೆಂಬ ತೀರ್ಪು ಬರುತ್ತದೆ. ಬುಡದಲ್ಲಿ ಒತ್ತು ಬರುವ ಲಿಪಿಗಳು ಈ ಕುರುಡುತನಕ್ಕೆ ಇಂಗ್ಲಿಷಿಗಿಂತ ಹೆಚ್ಚು ಈಡಾಗುತ್ತವೆ ಎಂಬುದು ನನ್ನ ಅನಿಸಿಕೆ.

ಅನಿಸಿಕೆ ಎಂದದ್ದು ಬೇಕೆಂದೇ. ಟೈಪ್ ಮಾಡುವಾಗ ಮಿನುಗುವ ಕರ್ಸರ್ ಸಾಲಿನಷ್ಟೇ ಎತ್ತರವಿರುತ್ತದೆ. ಅದು ಸರಿದರೆ ಯಾವ ಅಡ್ಡಸಾಲಿಗೂ ಸಿಕ್ಕಿಬೀಳುತ್ತದೆ, ಪಕ್ಕದ ಬಿಲ್ಲೆಗಳನ್ನೂ ನೋಡುವಂತೆ ಮಾಡುತ್ತದೆ. ಒತ್ತಿನಿಂದ ಅಕ್ಷರದ ಅಗಲ ಹೆಚ್ಚಿದರೆ ಮುಂದಿನ ಅಕ್ಷರಗಳು ಜರುಗಿಯೂ ಗುಟ್ಟು ರಟ್ಟಾಗುತ್ತದೆ. ಸುತ್ತುಗಳು ಬೇಗಬೇಗ ಉರುಳಿದರೆ ತಡವೂ ಅಲ್ಪ. ಇಷ್ಟನ್ನು ಕಳೆದರೆ ನನ್ನ ಮಾತು ನಿಲ್ಲುವುದು ಇಕ್ಕಟ್ಟಿನ ಜಾಗದಲ್ಲಿ: ಕರ್ಸರ್ ಇಲ್ಲದ ಕಡೆ, ಸಾಲಿನ ಕೊನೆಯಲ್ಲಿ, ತಂತ್ರಾಂಶವೇ ಒಂದು ಹೆಸರಿನ ಕಾಗುಣಿತ ತಿದ್ದಿದಾಗ.

ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಮಾತ್ರ ಥಿಂಕ್ ಪಕ್ಷದ ವಾದವೇ ಮೇಲು. ತಾಳಗುಂದದ ಸ್ತಂಭಶಾಸನ, ಅಂದರೆ ಶಿಕಾರಿಪುರ 176, ಇರುವ ಪುಟವನ್ನು ಮೇಲಕ್ಕೆ ಸರಿಸಿದರೆ ಬಹುತೇಕ ಪಿಕ್ಸೆಲ್‌ಗಳೂ ಬದಲಾದಂತೆ ಕಾಣುತ್ತವೆ. ನಡೆದಿರುವುದು ಸ್ಥಳಾಂತರ ಮಾತ್ರ. ಪರದೆಯಲ್ಲಿ ಆಗಲೇ ಇರುವ ಆಯತವನ್ನು ಬೇರೆಡೆಗೆ ನಕಲಿಸುವ ಕಾಪಿರೆಕ್ಟ್ ಎಂಬ ವಿಧಾನ ವಿಎನ್‌ಸಿಯಲ್ಲಿ ಇರುವುದು ಇದಕ್ಕೇ. ವಿಂಡೋಸ್ 8ರಿಂದ ಬಂದ ಡೆಸ್ಕ್‌ಟಾಪ್ ಡ್ಯೂಪ್ಲಿಕೇಶನ್ ಕೂಡ ಜರುಗಿದ ಆಯತಗಳನ್ನು ಬೇರೆಯಾಗಿಯೇ ಕೊಡುತ್ತದೆ. ಅವನ್ನು ಮೊದಲು ಮುಗಿಸಿ ಆಮೇಲೆ ಬದಲಾದವನ್ನು ಬಿಡಿಸಬೇಕು. ಹೋಲಿಕೆಯಿಂದ ಈ ಸ್ಥಳಾಂತರವನ್ನು ಊಹಿಸಬಹುದು, ಆದರೆ ದುಬಾರಿ.

ಸುಳಿವು ಮತ್ತು ಹೋಲಿಕೆ ಕನ್ನಡಕ್ಕೆ ಯಾವ ಹದದಲ್ಲಿ ಬೆರೆಯಬೇಕೆಂಬುದು ಅಳೆದೇ ತೀರ್ಮಾನವಾಗಬೇಕು. ಬೇರೆ ಬೇರೆ ಫಾಂಟುಗಳಲ್ಲಿ ಒತ್ತಿನ ಎತ್ತರ ಬೇರೆ. ಪರದೆಯನ್ನು ವಿಡಿಯೊದಂತೆ ಅಡಕಗೊಳಿಸುವ ಈಚಿನ ವ್ಯವಸ್ಥೆಗಳಲ್ಲಿ ಸಣ್ಣ ಒತ್ತು ಓದುವಷ್ಟು ಸ್ಪಷ್ಟವಾಗಿ ಉಳಿಯುತ್ತದೆಯೇ ಎಂಬುದು ಇನ್ನೊಂದೇ ಪ್ರಶ್ನೆ. ಅದನ್ನು ಇಲ್ಲಿ ಮುಟ್ಟಿಲ್ಲ.