ಹಸಿ ಬರಲಿನ ಮೊಕದ್ದಮೆ

ಹೆಂಡತಿಗೆ ಹೊಡೆಯುವುದು ಗಂಡನ ಹಕ್ಕು ಎಂದು ಮೇಲ್ಮನವಿಗೆ ಹೋದವರೂ ಇದ್ದರು. ಅಮೆರಿಕದ ಅಲಬಾಮಾದಲ್ಲಿ ಪತ್ನಿಯ ಮೇಲಿನ ಹಲ್ಲೆಗೆ ಶಿಕ್ಷೆಯಾಗಿದ್ದ ಜಾರ್ಜ್ ಫುಲ್ಘಮ್ 1871ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ. ಕಾನೂನಿನ ಮುಂದೆ ಗಂಡ ಹೆಂಡಿರು ಸಮಾನರೆಂದು ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ನಾರ್ತ್ ಕ್ಯಾರೊಲಿನಾದ ಆಲಿವರ್ ಎಂಬ ಗಂಡನ ಪ್ರಕರಣ 1874ರದು. ಒಂದು ಬೆಳಿಗ್ಗೆ ತಿಂಡಿಯ ಹೊತ್ತು ಮೀರಿ ಕುಡಿದು ಬಂದವನು ಮಾಂಸದಲ್ಲಿ ಹುಳುವಿದೆ ಎಂದ. ಕಾಫಿ ಕಪ್ಪು, ಕಾಫಿ ಪಾತ್ರೆ ಮೂಲೆಗೆ ಹಾರಿದವು. ಹೊರಗೆ ಹೋಗಿ ನಾಲ್ಕಡಿ ಉದ್ದದ, ಎಲೆ ಇನ್ನೂ ಅಂಟಿಕೊಂಡಿದ್ದ ಎರಡು ಬರಲು ಕಡಿದು ತಂದು ಹೆಂಡತಿಗೆ ಬಾರಿಸಿದ.

ದಂಡ ಬರೀ 10 ಡಾಲರ್. ಅದರ ವಿರುದ್ಧವೂ ಮೇಲ್ಮನವಿ!

ಹೊಡೆಯುವ ಹಕ್ಕು ಯಾವ ಗಂಡನಿಗೂ ಇಲ್ಲವೆಂದ ನ್ಯಾಯಾಲಯ ಶಿಕ್ಷೆಯನ್ನು ಉಳಿಸಿತು. ಆದರೆ ಶಾಶ್ವತ ಗಾಯವಿಲ್ಲದಿದ್ದರೆ ಪರದೆ ಎಳೆದುಬಿಡುವುದೇ ಲೇಸು ಎಂದೂ ಅದೇ ತೀರ್ಪಿನಲ್ಲಿ ಬರೆಯಿತು. ಏಟು ತಿಂದ ಹೆಂಗಸಿಗೆ ಇದಕ್ಕಿಂತ ಕ್ರೂರವಾದ ಸಲಹೆ ಇನ್ನೊಂದಿರಲಾರದು.