ಫ್ಲಾಪಿಯೊಳಗಿನ ಶಹಜಾದ

ಮನೆಗೆ ಸುಣ್ಣ ಬಳಿಸಲೆಂದು ಅಟ್ಟದ ಸಾಮಾನುಗಳನ್ನೆಲ್ಲ ಕೆಳಗಿಳಿಸಿದಾಗ, ಉರ್ದು ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟ ಏಳು ಫ್ಲಾಪಿಗಳು ಸಿಕ್ಕಿದವು. ಒಂದರ ಮೇಲೆ ನನ್ನದೇ ಹುಡುಗುಗೈಯ ಬರಹದಲ್ಲಿ ‘ಪ್ರಿನ್ಸ್’ ಎಂದಿತ್ತು. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಎಲ್ಲಿಂದಲೋ ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಸಂಪಾದಿಸಿ ತಂದ. ಏಳರಲ್ಲಿ ಐದು ಬಾಯಿ ಬಿಡಲೇ ಇಲ್ಲ. ‘ಪ್ರಿನ್ಸ್’ ಮಾತ್ರ ಕರಕರ ಸದ್ದು ಮಾಡುತ್ತ ತೆರೆದುಕೊಂಡಿತು. ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ಆದರೆ ಕ್ಲಿಕ್ ಮಾಡಿದರೆ, ಇದು ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂಬ ಸಂದೇಶ ಬಂತು.

“ಮಾಮು, ಫೈಲ್ ಕೆಟ್ಟಿಲ್ಲ. ಈ ಕಂಪ್ಯೂಟರಿಗೆ ಅದು ಹೇಳೋದು ಅರ್ಥ ಆಗ್ತಿಲ್ಲ ಅಷ್ಟೆ” ಎಂದ.

ಆ ಆಟವನ್ನು ನಾನು ಮೊದಲು ಕಂಡಿದ್ದು 1994ರಲ್ಲಿ, ನಮ್ಮೂರಿನ ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿಸುತ್ತಿದ್ದರು. ಸರ್ ಚಹಾ ಕುಡಿಯಲು ಹೊರಗೆ ಹೋದರೆ ಸಾಕು, ಪರದೆಯ ಮೇಲೆ ಬಿಳಿ ಬಟ್ಟೆಯ ಶಹಜಾದ ಓಡತೊಡಗುತ್ತಿದ್ದ. ಆತನಿಗೆ ಅರವತ್ತು ನಿಮಿಷಗಳ ಗಡುವು. ಅಷ್ಟರೊಳಗೆ ನೆಲಮಾಳಿಗೆಯ ಸೆರೆಯಿಂದ ಮೇಲೆ ಹತ್ತಿ, ವಜೀರ ಜಾಫರನನ್ನು ಸೋಲಿಸಿ ಶಹಜಾದಿಯನ್ನು ಬಿಡಿಸಬೇಕು. ಮನೆಯಲ್ಲಿ ಅಲಿಫ್ ಲೈಲಾದ ಕಿಸ್ಸೆಗಳನ್ನು ಕೇಳಿ ಬೆಳೆದ ನನಗೆ ಈ ಹೆಸರುಗಳು ನೆಂಟರಂತೆ ಕಂಡವು. ಒಂದು ಮಾತು ಮಾತ್ರ ಅಂದೂ ಚುಚ್ಚುತ್ತಿತ್ತು. ಕಿಸ್ಸೆಯ ಜಾಫರ್ ಖಲೀಫ ಹಾರೂನ್ ರಶೀದನ ಜೊತೆ ರಾತ್ರಿ ವೇಷ ಮರೆಸಿ ಬಗ್ದಾದಿನ ಬೀದಿ ತಿರುಗುವ ಒಡನಾಡಿ. ಇತಿಹಾಸದ ಜಾಫರ್ ಬರ್ಮಕಿ ಕ್ರಿ.ಶ. 803ರಲ್ಲಿ ಅದೇ ಖಲೀಫನ ಆಜ್ಞೆಯಿಂದ ತಲೆ ಕಳೆದುಕೊಂಡವನು. ಆತನ ಹೆಸರನ್ನು ದುಷ್ಟನಿಗೆ ಅಂಟಿಸಿದ್ದು 1940ರ ‘ದ ಥೀಫ್ ಆಫ್ ಬಗ್ದಾದ್’ ಸಿನಿಮಾ. ಆಟಕ್ಕೂ ಆ ಹೆಸರು ಸಿನಿಮಾದ ದಾರಿಯಿಂದಲೇ ಬಂತು. ಇರಲಿ, ಅದು ಬೇರೆಯೇ ಲೇಖನವಾದೀತು.

‘ಪ್ರಿನ್ಸ್ ಆಫ್ ಪರ್ಶಿಯಾ’ ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ಬಹುಪಾಲು ಒಬ್ಬನೇ ಕೂತು ಕಟ್ಟಿದ ಆಟ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ‘ಕರಾಟೇಕಾ’ ಎಂಬ ಆಟ ಬರೆದು ಹೆಸರಾಗಿದ್ದವನು. 1985ರಲ್ಲಿ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ಗೋಡೆಗೆ ಜೋತಾಡಿಸಿ ವಿಡಿಯೋ ತೆಗೆದ. ಆ ಚಿತ್ರಗಳ ಮೇಲೆ ಒಂದೊಂದಾಗಿ ಗೆರೆ ಎಳೆದು ಶಹಜಾದನನ್ನು ಮಾಡಿದ. ಕತ್ತಿವರಸೆಯನ್ನು 1938ರ ರಾಬಿನ್ ಹುಡ್ ಸಿನಿಮಾದಿಂದ ತೆಗೆದುಕೊಂಡ. ಸಂಗೀತ ಕೊಟ್ಟವರು ತಂದೆ ಫ್ರಾನ್ಸಿಸ್ ಮೆಕ್ನರ್. ಆಪಲ್ 2 ಕಂಪ್ಯೂಟರಿನ ಜ್ಞಾಪಕಶಕ್ತಿ ಎಷ್ಟು ಕಿರಿದೆಂದರೆ ಇನ್ನೊಬ್ಬ ವೈರಿಯ ಚಿತ್ರಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಆದ್ದರಿಂದ ನಾಯಕನ ಚಿತ್ರಗಳನ್ನೇ ಗಣಿತದ ಒಂದು ಉಪಾಯದಿಂದ ಹೊರಳಿಸಿ, ಕನ್ನಡಿಯಿಂದ ಹೊರಬರುವ ನೆರಳಿನ ಮನುಷ್ಯನನ್ನು ಸೃಷ್ಟಿಸಿದ. ಆಟದಲ್ಲಿ ಅತ್ಯಂತ ನೆನಪುಳಿಯುವ ಪಾತ್ರ ಅದೇ. 1989ರಲ್ಲಿ ಬ್ರಾಡರ್‌ಬಂಡ್ ಕಂಪನಿ ಆಟವನ್ನು ಹೊರತಂದಾಗ ಆಪಲ್ 2ರ ಕಾಲವೇ ಮುಗಿಯುತ್ತಿತ್ತು. ನಮ್ಮಂಥವರ ಕೈಗೆ ಸಿಕ್ಕಿದ್ದು ಮರುವರ್ಷ ಬಂದ ಡಾಸ್ ಆವೃತ್ತಿ.

ಸಿಕ್ಕಿದ್ದು ಎಂದೆ. ಕೊಂಡದ್ದು ಎನ್ನಲಾರೆ. ಸೆಂಟರಿನಲ್ಲಿದ್ದುದು ಕಳ್ಳಪ್ರತಿ. ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿದ್ದ ಆಟ ಕೈಯಿಂದ ಕೈಗೆ ಹರಿದಾಡಿತ್ತು. ಇದನ್ನು ತಡೆಯಲೆಂದೇ ಮೊದಲ ಹಂತ ದಾಟಿದ ಮೇಲೆ ಒಂದು ಕೋಣೆ ಇಟ್ಟಿದ್ದರು. ಅಲ್ಲಿ ಸಾಲಾಗಿ ಔಷಧಿ ಶೀಷೆಗಳು, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ. ಆಟದ ಜೊತೆಗೆ ಬರುವ ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲಕ್ಷರ ಯಾವುದೋ ಆ ಶೀಷೆಯನ್ನೇ ಕುಡಿಯಬೇಕು. ಕೈಪಿಡಿಯನ್ನು ನಾವು ಯಾರೂ ಕಂಡವರಲ್ಲ. ಸತ್ತು ಸತ್ತು ಉತ್ತರ ಕಂಡುಕೊಂಡು ಲೆಕ್ಕದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆವು. ಆ ಹಾಳೆಯನ್ನು ಹೊಸ ಹುಡುಗರಿಗೆ ಸುಲಭಕ್ಕೆ ಕೊಡುತ್ತಿರಲಿಲ್ಲ.

ಇಂಥ ಆಟವೊಂದು ಮೂವತ್ತು ವರ್ಷಗಳ ನಂತರ ಯಾಕೆ ನಡೆಯುವುದಿಲ್ಲ? ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿಯದಿದ್ದರೆ ಓದಬಹುದು. ಕಂಪ್ಯೂಟರ್ ಆಟ ಹಾಗಲ್ಲ. ಅದು ತನ್ನ ಕಾಲದ ಯಂತ್ರವನ್ನು ನಂಬಿಕೊಂಡು ಬರೆದದ್ದು. 1981ರ ಮೊದಲ ಐಬಿಎಂ ಪಿಸಿಯ ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಜ್. ಆಗಿನ ಎಷ್ಟೋ ಆಟಗಳು ಈ ವೇಗವೇ ಶಾಶ್ವತವೆಂದು ನಂಬಿ, ಪ್ರೊಸೆಸರಿನ ಹೆಜ್ಜೆ ಎಣಿಸಿಯೇ ಸಮಯ ಅಳೆಯುತ್ತಿದ್ದವು. ವೇಗದ ಯಂತ್ರ ಬಂದದ್ದೇ ಆಟಗಾರ ಕಣ್ಣು ಮಿಟುಕಿಸುವುದರೊಳಗೆ ಸಾಯತೊಡಗಿದ. ನಮ್ಮ ಸೆಂಟರಿನ ಕಂಪ್ಯೂಟರಿನ ಎದುರು ಭಾಗದಲ್ಲಿ ಟರ್ಬೊ ಎಂಬ ಬಟನ್ ಇತ್ತು. ಒತ್ತಿದರೆ ವೇಗ ಹೆಚ್ಚುತ್ತದೆಂದು ನಾವು ತಿಳಿದಿದ್ದೆವು. ಅದರ ನಿಜವಾದ ಉಪಯೋಗ ಹಳೆಯ ತಂತ್ರಾಂಶಗಳಿಗಾಗಿ ವೇಗ ತಗ್ಗಿಸುವುದೇ ಆಗಿತ್ತು. ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಹಲವು ಪ್ರೋಗ್ರಾಂಗಳ ಕತೆ ಇನ್ನೂ ವಿಚಿತ್ರ. ಅವು ಶುರುವಾಗುವಾಗ ಯಂತ್ರದ ವೇಗವನ್ನು ಅಳೆದುಕೊಳ್ಳುತ್ತಿದ್ದವು. 1990ರ ದಶಕದ ಕೊನೆಯ ವೇಗದ ಪ್ರೊಸೆಸರುಗಳಲ್ಲಿ ಆ ಅಳತೆಯ ಸಂಖ್ಯೆ ಅದಕ್ಕಿಟ್ಟ ಜಾಗದಲ್ಲಿ ಹಿಡಿಯದೆ, ‘ರನ್‌ಟೈಮ್ ಎರರ್ 200’ ಎಂದು ಹೇಳಿ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಯಂತ್ರ ಕೆಟ್ಟು ಅಲ್ಲ, ಯಂತ್ರ ತೀರಾ ಚೆನ್ನಾಗಿದ್ದುದರಿಂದ! ನಮ್ಮ ಶಹಜಾದ ಪ್ರೊಸೆಸರನ್ನು ನಂಬದೆ ಗಡಿಯಾರವನ್ನು ನಂಬಿದ್ದರಿಂದ ಈ ಗಂಡಾಂತರದಿಂದ ಪಾರಾಗಿದ್ದ.

ಆತನಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ವಿಂಡೋಸ್ 95, 98ರ ಅಡಿಯಲ್ಲಿ ಡಾಸ್ ಇನ್ನೂ ಉಸಿರಾಡುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅಡಿಪಾಯವೇ ಬದಲಾಯಿತು. ಹಳೆಯ ಆಟಗಳು ತೆರೆದರೂ ಹಲವಕ್ಕೆ ಸದ್ದಿಲ್ಲ, ಕೆಲವಕ್ಕೆ ಚಿತ್ರವಿಲ್ಲ. ಮುಂದೆ 64 ಬಿಟ್ ವಿಂಡೋಸ್ ಬಂದ ಮೇಲೆ 16 ಬಿಟ್ಟಿನ ಡಾಸ್ ಪ್ರೋಗ್ರಾಂಗಳಿಗೆ ಬಾಗಿಲು ಪೂರ್ತಿ ಮುಚ್ಚಿತು. 2021ರ ವಿಂಡೋಸ್ 11 ಇಂಟೆಲ್ ಯಂತ್ರಗಳಿಗೂ 64 ಬಿಟ್‌ನಲ್ಲಿ ಮಾತ್ರ ಬಂತು. ಯಾರೂ ಹಳೆಯ ಆಟಗಳನ್ನು ಕೊಲ್ಲಬೇಕೆಂದು ಕೂತು ತೀರ್ಮಾನಿಸಲಿಲ್ಲ. ಮಾರುಕಟ್ಟೆ ಮುಂದೆ ಹೋಯಿತು, ಅಷ್ಟೆ. ಬಹುಪಾಲು ಕಂಪನಿಗಳಿಗೆ ಹಿಂದಿರುಗಿ ನೋಡುವುದರಲ್ಲಿ ಲಾಭವಿರಲಿಲ್ಲ.

ಹಿಂದಿರುಗಿ ನೋಡಿದವರು ಸಂಬಳವಿಲ್ಲದ ಜನ. ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ 1983ರಲ್ಲಿ ತಂದ ‘ಡಿಗ್ಗರ್’ ಆಟವನ್ನು ಹೊಸ ಕಂಪ್ಯೂಟರುಗಳಲ್ಲಿ ನಡೆಯುವಂತೆ ಬಿಚ್ಚಿ ಮರಳಿ ಬರೆದವರು ಆ್ಯಂಡ್ರ್ಯೂ ಜೆನ್ನರ್ ಎಂಬ ಹವ್ಯಾಸಿ. ಅದು 1998ರ ಮಾತು. ಹೀಗೆ ಒಂದೊಂದೇ ಆಟವನ್ನು ಬಿಚ್ಚುತ್ತ ಕೂತರೆ ಒಂದು ಆಯುಷ್ಯ ಸಾಲದು. 2002ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೀಟರ್ ವೇನ್‌ಸ್ಟ್ರಾ ಮತ್ತು ಶೂರ್ಡ್ ವಾನ್ ಡೆರ್ ಬೆರ್ಗ್ ಬೇರೆ ದಾರಿ ಹಿಡಿದರು. ಆಟವನ್ನು ಬದಲಿಸುವ ಬದಲು ಹಳೆಯ ಪಿಸಿಯನ್ನೇ ಪೂರ್ತಿಯಾಗಿ ತಂತ್ರಾಂಶದಲ್ಲಿ ಕಟ್ಟಿದರು. ಆ ಕಾಲದ ಪ್ರೊಸೆಸರ್, ಚಿತ್ರದ ಕಾರ್ಡು, ಸಿಂಗಾಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್, ಕೊನೆಗೆ ಕೀಂ ಎನ್ನುವ ಆ ಪುಟ್ಟ ಸ್ಪೀಕರು ಕೂಡ. ಹೆಸರು ಡಾಸ್‌ಬಾಕ್ಸ್. ಎಲ್ಲರಿಗೂ ಬಿಟ್ಟಿ, ಒಳಗಿನ ಬರಹವೂ ಬಹಿರಂಗ. ಆಟಕ್ಕೆ ತಾನು ಇನ್ನೂ 1990ರಲ್ಲೇ ಇದ್ದೇನೆಂದು ನಂಬಿಸುವುದು ಅದರ ಕೆಲಸ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ 2008ರಲ್ಲಿ ಹಳೆಯ ಆಟಗಳನ್ನು ಮಾರಲು ಅಂಗಡಿ ತೆರೆದಾಗ ಡಾಸ್ ಆಟಗಳ ಜೊತೆ ಕಟ್ಟಿಕೊಟ್ಟದ್ದು ಇದನ್ನೇ. 2015ರ ಜನವರಿಯಲ್ಲಿ ಇಂಟರ್ನೆಟ್ ಆರ್ಕೈವ್ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡಲು ಇಟ್ಟಿತಲ್ಲ, ಅದರ ಒಳಗೂ ಇದ್ದುದು ಡಾಸ್‌ಬಾಕ್ಸೇ.

ಆದರೆ ನಡೆಯುವುದು ಬೇರೆ, ಸರಿಯಾಗಿ ನಡೆಯುವುದು ಬೇರೆ. ಅಳಿಯ ಡಾಸ್‌ಬಾಕ್ಸ್ ಹಾಕಿ ಆಟ ತೆರೆದಾಗ ಶಹಜಾದ ಬಂದನೇನೋ ನಿಜ. ಆದರೆ ಕುಳ್ಳಗೆ, ಬಿರಿಯಾನಿ ತಿಂದು ಊದಿದವನ ಹಾಗೆ ಇದ್ದ. “ಇವನಲ್ಲ” ಎಂದೆ. ಹುಡುಗ ನಕ್ಕ. ಕಾರಣ ಹುಡುಕಿದಾಗ ತಿಳಿಯಿತು. ಆಟದ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳದ್ದು. ಹಳೆಯ ಗಾಜಿನ ಮಾನಿಟರು ಅದನ್ನು ನಾಲ್ಕಕ್ಕೆ ಮೂರರ ಅಳತೆಗೆ ಎಳೆದು ತೋರಿಸುತ್ತಿತ್ತು. ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ ಎತ್ತರ. ಇಂದಿನ ಪರದೆಯ ಚುಕ್ಕೆಗಳು ಚೌಕ. ಡಾಸ್‌ಬಾಕ್ಸಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದ್ದೇ ತಡ, ಡೇವಿಡ್ ಮೆಕ್ನರನ ನೀಳವಾದ ಕಾಲುಗಳು ಮರಳಿ ಬಂದವು. ವೇಗ, ಸದ್ದು, ಕೀಲಿಗಳು ಹೀಗೆ ಒಂದೊಂದನ್ನೂ ಹದಕ್ಕೆ ತರಬೇಕಾಯಿತು. ಆಟವನ್ನು ಹಿಂದೆ ಆಡಿದವರೊಬ್ಬರು ಪಕ್ಕದಲ್ಲಿರದಿದ್ದರೆ ಆ ಹುಡುಗ ಊದಿದ ಶಹಜಾದನನ್ನೇ ನಿಜವೆಂದು ಒಪ್ಪಿಕೊಳ್ಳುತ್ತಿದ್ದ.

ಈ ಆಟದ ಮೂಲಬರಹಕ್ಕೂ ಒಂದು ದಾಸ್ತಾನಿದೆ. ಬ್ರಾಡರ್‌ಬಂಡ್ 1998ರಲ್ಲಿ ದ ಲರ್ನಿಂಗ್ ಕಂಪನಿಯ ಪಾಲಾಯಿತು, ಮರುವರ್ಷ ಅದನ್ನು ಬೊಂಬೆ ಮಾರುವ ಮ್ಯಾಟೆಲ್ ನುಂಗಿತು. ತಾನು ಬರೆದ ಮೂಲ ಪ್ರೋಗ್ರಾಂ ಕಳೆದೇಹೋಯಿತೆಂದು ಮೆಕ್ನರ್ ಕೈಬಿಟ್ಟಿದ್ದರು. 2012ರ ಮಾರ್ಚಿನಲ್ಲಿ ತಂದೆ ಫ್ರಾನ್ಸಿಸ್ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಅದರಲ್ಲಿ ಆ ಫ್ಲಾಪಿಗಳಿದ್ದವು. ಕಾಂತಶಕ್ತಿ ಕುಂದುವ ಮೊದಲೇ ಅವನ್ನು ಓದಬೇಕಿತ್ತು. ಜೇಸನ್ ಸ್ಕಾಟ್, ಟೋನಿ ಡಿಯಾಜ್ ಎಂಬ ಹಳೆಯ ಯಂತ್ರಗಳ ಪ್ರೇಮಿಗಳು ತಮ್ಮ ಸಲಕರಣೆಗಳೊಂದಿಗೆ ಬಂದು ಕೂತು ಅಕ್ಷರ ಅಕ್ಷರವಾಗಿ ಹೊರತೆಗೆದರು. ಏಪ್ರಿಲ್‌ನಲ್ಲಿ ಮೆಕ್ನರ್ ಅದನ್ನು ಲೋಕಕ್ಕೆಲ್ಲ ತೆರೆದಿಟ್ಟರು. ಪೆಟ್ಟಿಗೆ ಎಸೆಯದೆ ಇಟ್ಟ ಆ ಮುದುಕ, 1938ರಲ್ಲಿ ನಾಝಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ಮೇಲೆ ವಿಯೆನ್ನಾ ಬಿಟ್ಟು ಓಡಬೇಕಾಗಿ ಬಂದ ಯಹೂದಿ ಕುಟುಂಬದ ಬಾಲಕ. ಮಗ ಮುಂದೆ ‘ರಿಪ್ಲೇ’ ಎಂಬ ಚಿತ್ರಕಥನದಲ್ಲಿ ಆ ಕುಟುಂಬದ ಕತೆಯನ್ನು ಬಿಡಿಸಿದರು. ಇದು ಆಪಲ್ ಆವೃತ್ತಿಯ ಮಾತಾಯಿತು. ನಮ್ಮ ಡಾಸ್ ಆವೃತ್ತಿಯನ್ನು ಡೇವಿಡ್ ನಾಗಿ ಎಂಬವರು ಯಂತ್ರಭಾಷೆಯಿಂದ ಹಿಮ್ಮುಖವಾಗಿ ಓದಿ, ಇಂದಿನ ಕಂಪ್ಯೂಟರಿನಲ್ಲಿ ನೇರವಾಗಿ ನಡೆಯುವಂತೆ ಬರೆದಿದ್ದಾರೆ.

ಎಲ್ಲ ಆಟಗಳಿಗೂ ಇಂಥ ತಂದೆ ಇರುವುದಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟಕ್ಕೆ ಸಿಗುವುದಿಲ್ಲ. ಗ್ರಂಥಾಲಯಗಳು ತಾವು ಕಾಪಿಟ್ಟ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡಬಹುದೇ ಎಂದು ಕೇಳಿದಾಗ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಅನುಮತಿ ಕೊಡಲಿಲ್ಲ. ಕಟ್ಟಡದೊಳಗೆ ಬಂದು ಆಡಬೇಕು. ಮಾರುವವನು ಮಾರುವುದಿಲ್ಲ, ಇಟ್ಟುಕೊಂಡವನು ಕೊಡುವಂತಿಲ್ಲ. ಕಳ್ಳಪ್ರತಿಯನ್ನು ನಾನು ಸಮರ್ಥಿಸಲಾರೆ. ದುಡಿದವನ ಹಕ್ಕು ದುಡಿದವನದೇ. ಆದರೂ ನನ್ನ ಅಟ್ಟದ ಮೇಲೆ ಶಹಜಾದ ಬದುಕಿದ್ದು ಕಳ್ಳಪ್ರತಿಯಾಗಿಯೇ ಎಂಬುದನ್ನು ಬಚ್ಚಿಟ್ಟರೆ ಈ ಇತಿಹಾಸ ಸುಳ್ಳಾಗುತ್ತದೆ.

ಓದಿಸಿಕೊಂಡ ಎರಡನೇ ಫ್ಲಾಪಿಯಲ್ಲಿ ಇದ್ದುದು ನನ್ನ ಎರಡು ಕತೆಗಳು. ಕನ್ನಡದ್ದು ಹಳೆಯ ಫಾಂಟಿನಲ್ಲಿ ಟೈಪಿಸಿದ್ದು. ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಂಡರೂ, ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಮಾಡಿಟ್ಟ ಪರಿವರ್ತಕದಲ್ಲಿ ಹಾಕಿದ್ದೇ ಒತ್ತಕ್ಷರಗಳ ಸಮೇತ ಎದ್ದು ಕೂತಿತು. ಉರ್ದುವಿನದ್ದು ಆಗಿನ ಯಾವುದೋ ತಂತ್ರಾಂಶದ್ದು. ಅದು ತೆರೆಯಲಿಲ್ಲ. ನನ್ನ ಮೊದಲ ಕತೆ ಅದು, ಬೇರೆಲ್ಲೂ ಪ್ರತಿ ಇಲ್ಲ. ಮೊದಲ ವಾಕ್ಯ ನೆನಪಿದೆ, ಕೊನೆಯದು ಇಲ್ಲ. ಅಳಿಯ ಆ ಫೈಲಿನ ನಕಲನ್ನು ಮೂರು ಕಡೆ ಇಟ್ಟಿದ್ದಾನೆ.

ಶೀಷೆಗಳ ಕೋಣೆಯನ್ನು ಆತ ಹತ್ತು ನಿಮಿಷದಲ್ಲಿ ದಾಟಿದ. ಕೈಪಿಡಿಯ ಸ್ಕ್ಯಾನ್ ಮಾಡಿದ ಪುಟಗಳು ಇಂಟರ್ನೆಟ್ಟಿನಲ್ಲಿ ಸಿಕ್ಕಿದವು. ಆ ಪುಸ್ತಿಕೆಯನ್ನು ನಾನೂ ಅಂದೇ ಮೊದಲು ನೋಡಿದ್ದು. ಆದರೆ ನೆಲದಿಂದ ಏಳುವ ಮುಳ್ಳುಗಳ ಮೇಲೆ ಬಿದ್ದು ನಾಲ್ಕು ಸಲ ಸತ್ತ ಮೇಲೆ ಅವನ ತಾಳ್ಮೆ ತಪ್ಪಿತು. “ಮಾಮು, ಇದರ ಸ್ಪೀಡ್ ಸ್ವಲ್ಪ ಕಮ್ಮಿ ಮಾಡ್ಲಾ?” ಎಂದ. ಬೇಡ ಎಂದೆ. ಮುಳ್ಳಿನ ಮೇಲೆ ಓಡಬಾರದು, ಮೆಲ್ಲನೆ ನಡೆದು ಹೋಗಬೇಕು ಎಂದು ಹೇಳಿಕೊಟ್ಟೆ.