ಪ್ರಾಚೀನ ಕ್ರೈಸ್ತಸಭೆಯಲ್ಲಿ ನವಾಗತರ ಉಪದೇಶ

ಕ್ರಿ. ಶ. 400ರ ಸುಮಾರಿನಲ್ಲಿ ಆಫ್ರಿಕಾ ಖಂಡದ ಉತ್ತರತೀರದ ಕಾರ್ಥೇಜ್ ನಗರದ ಕ್ರೈಸ್ತಸಭೆಯಲ್ಲಿ ದೇವೊಗ್ರಾತಿಯಸ್ ಎಂಬೊಬ್ಬ ಸಭಾಸೇವಕನಿದ್ದನು. ಮತವನ್ನು ಹೊಸದಾಗಿ ತಿಳಿಯಬಯಸಿ ಬಂದವರನ್ನು ಜನರು ಇವನ ಬಳಿಗೆ ಕರೆತರುತ್ತಿದ್ದರು. ಚೆನ್ನಾಗಿ ಬೋಧಿಸುವನೆಂದು ಇವನಿಗೆ ಹೆಸರು. ಆದರೆ ಆತನ ಅಂತರಂಗದ ಅಳಲು ಬೇರೆಯಾಗಿತ್ತು. ಮಾತು ಬೆಳೆದಂತೆಲ್ಲ ತನಗೇ ಬೇಸರವಾಗುವುದು, ಇನ್ನು ಕೇಳುವವನ ಪಾಡೇನೆಂದು ಕೊರಗಿ, ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷನಾಗಿದ್ದ ಅಗಸ್ಟೀನನಿಗೆ ಪತ್ರವನ್ನು ಬರೆದನು. ಅದಕ್ಕೆ ಉತ್ತರವಾಗಿ ಹುಟ್ಟಿದ ಚಿಕ್ಕ ಲ್ಯಾಟಿನ್ ಗ್ರಂಥವೊಂದು ಇಂದಿಗೂ ಉಳಿದಿದೆ. ಮೂವತ್ತೈದು ವರ್ಷ ಒಂದೇ ಪಾಠವನ್ನು ಹೇಳಿದ ನನ್ನಂಥವನು ಅದನ್ನು ಭಾಷಾಂತರದಲ್ಲಿ ಓದಿದಾಗ, ಪರಮತದ ಗ್ರಂಥವೆಂಬ ಭಾವನೆಯೇ ಕೆಲಹೊತ್ತು ಮರೆಯಿತೆಂದು ಹೇಳಲು ಸಂಕೋಚವಿಲ್ಲ.

ಬಂದವನನ್ನು ಒಳಗೆ ಕರೆದುಕೊಳ್ಳುವುದು ಆ ಸಭೆಗೆ ಮೊದಲಿನಿಂದಲೂ ಸುಲಭದ ಮಾತಾಗಿರಲಿಲ್ಲ. ಅಪೊಸ್ತಲರ ಕೃತ್ಯಗಳೆಂಬ ಗ್ರಂಥದಲ್ಲಿ ಸೌಲನ ಕಥೆಯುಂಟಷ್ಟೆ. ಕ್ರಿಸ್ತನ ಶಿಷ್ಯರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದ ಈತನು ಮನಸ್ಸು ತಿರುಗಿ ಯೆರೂಸಲೇಮಿಗೆ ಬಂದಾಗ ಯಾರೂ ಅವನನ್ನು ನಂಬಲಿಲ್ಲ, ಎಲ್ಲರೂ ಹೆದರಿದರು. ಬಾರ್ನಬನೆಂಬುವನೊಬ್ಬನೇ ಅವನನ್ನು ಕರೆದೊಯ್ದು ಅಪೊಸ್ತಲರ ಮುಂದೆ ನಿಲ್ಲಿಸಿದನು. ಆ ಭಯವು ನಿರಾಧಾರವಾದುದಲ್ಲ. ಮುಂದೆ ರೋಮಿನ ಚಕ್ರವರ್ತಿಗಳು ಆಗಾಗ್ಗೆ ಹಿಂಸೆಗೆ ತೊಡಗಿದಾಗ, ಹೊಸಬನು ಭಕ್ತನೋ ಬೇಹುಗಾರನೋ ತಿಳಿಯುವುದು ಪ್ರಾಣದ ಪ್ರಶ್ನೆಯಾಯಿತು. ಆದುದರಿಂದಲೇ ದೀಕ್ಷಾಸ್ನಾನಕ್ಕೆ ಮುಂಚೆ ಮೂರು ವರ್ಷ ಉಪದೇಶವನ್ನು ಕೇಳಬೇಕೆಂದು ಹಳೆಯ ವಿಧಿಗ್ರಂಥವೊಂದು ವಿಧಿಸುತ್ತದೆ. 313ರಲ್ಲಿ ಹಿಂಸೆ ನಿಂತು, 380ರಲ್ಲಿ ಕ್ರೈಸ್ತಮತವೇ ರಾಜಮತವಾದ ಮೇಲೆ ಸಂಕಟವು ತಿರುಗುಮುರುಗಾಯಿತು. ಮೊದಲು ಬರುವವನಿಗೆ ಪ್ರಾಣಭಯ. ಈಗ ಬಾರದವನಿಗೆ ನಷ್ಟ. ಪದವಿಗಾಗಿ, ಒಡೆಯನ ಮೆಚ್ಚುಗೆಗಾಗಿ, ವಿವಾಹಕ್ಕಾಗಿ ಬರುವವರಿಂದ ಬಾಗಿಲು ಕಿಕ್ಕಿರಿಯಿತು.

ಆ ಕಾಲದಲ್ಲಿಯೇ, ಎಂದರೆ 380ರ ದಶಕದಲ್ಲಿ, ಪಶ್ಚಿಮದಿಂದ ಯಾತ್ರೆಗೆ ಬಂದ ಎಗೇರಿಯಾ ಎಂಬ ಸ್ತ್ರೀಯು ಯೆರೂಸಲೇಮಿನಲ್ಲಿ ಕಂಡುದನ್ನು ಬರೆದಿಟ್ಟಿದ್ದಾಳೆ. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತಕಾಲದ ಆರಂಭದಲ್ಲಿ ದೀಕ್ಷಾರ್ಥಿಗಳು ಹೆಸರನ್ನು ಬರೆಯಿಸುವರು. ಪುರುಷರು ಧರ್ಮಪಿತನೊಡನೆ, ಸ್ತ್ರೀಯರು ಧರ್ಮಮಾತೆಯೊಡನೆ ಬರಬೇಕು. ಧರ್ಮಾಧ್ಯಕ್ಷನು ನೆರೆಹೊರೆಯವರನ್ನು ಕರೆಯಿಸಿ, ಇವನ ನಡತೆ ಹೇಗೆ, ತಂದೆತಾಯಿಗಳನ್ನು ಗೌರವಿಸುವನೇ, ಕುಡುಕನಲ್ಲವಷ್ಟೆ, ಸುಳ್ಳನಲ್ಲವಷ್ಟೆ ಎಂದು ಕೇಳುವನು. ದೋಷವಿದ್ದರೆ, ತಿದ್ದಿಕೊಂಡು ಬಾ ಎಂದು ಕಳುಹಿಸುವನು. ಪರಿಚಿತರಾರೂ ಇಲ್ಲದ ಪರದೇಶಿಗೆ ಮಾತ್ರ ಪ್ರವೇಶ ಕಷ್ಟ. ಇದು ನನಗೆ ಕೊಂಚ ಕಠಿನವಾಗಿಯೇ ತೋರುತ್ತದೆ. ಅಲ್ಲಿಂದ ಮುಂದೆ ದಿನಕ್ಕೆ ಮೂರು ಗಂಟೆಗಳ ವ್ಯಾಖ್ಯಾನ. ಉಪಾಸನೆಯಲ್ಲಿ ಧರ್ಮಾಧ್ಯಕ್ಷನು ಗ್ರೀಕಿನಲ್ಲಿಯೇ ನುಡಿಯುವನು. ಒಬ್ಬನು ಸಿರಿಯಾದ ಭಾಷೆಯಲ್ಲಿ ಹೇಳುವನು. ಲ್ಯಾಟಿನ್ ಮಾತ್ರ ಬಲ್ಲವರಿಗೆ ಎರಡೂ ಬಲ್ಲ ಸೋದರರು ವಿವರಿಸುವರು. ಶಿಶುಗಳಿಗೇ ಸ್ನಾನವನ್ನು ಕೊಡುವ ರೂಢಿ ಬಲಿತ ಮೇಲೆ ಈ ಕ್ರಮವು ಸವೆದುಹೋಯಿತು. ರೋಮನ್ ಕ್ಯಾಥೊಲಿಕ್ ಸಭೆಯು 1972ರಲ್ಲಿ ಅದನ್ನು ಪ್ರಾಯಸ್ಥರಿಗಾಗಿ ಪುನಃ ಊರ್ಜಿತಗೊಳಿಸಿತು.

ಇನ್ನು ಅಗಸ್ಟೀನನ ಗ್ರಂಥಕ್ಕೆ ಬರೋಣ. ಬಂದವನು ಏಕೆ ಬಂದನೆಂಬುದನ್ನು ಮೊದಲು ವಿಚಾರಿಸು ಎನ್ನುತ್ತಾನೆ. ಲಾಭಕ್ಕಾಗಿ ಬಂದು ಸುಳ್ಳು ಹೇಳಿದರೆ? ಹೊರಗಟ್ಟಬೇಡ, ಆ ಸುಳ್ಳನ್ನೇ ಮಾತಿಗೆ ಮೊದಲಾಗಿಟ್ಟುಕೊಂಡು ಅದನ್ನು ಹೊಗಳು, ತಾನು ನಟಿಸಿದಂತೆಯೇ ಆಗಬೇಕೆಂಬ ಆಸೆಯು ಅವನಲ್ಲಿ ಹುಟ್ಟಲಿ ಎಂಬುದು ಅವನ ಉಪಾಯ. ಯೆರೂಸಲೇಮಿನ ಸಾಕ್ಷಿವಿಚಾರಣೆಗೂ ಇದಕ್ಕೂ ಎಷ್ಟು ಅಂತರ! ವೇದಪುರಾಣಗಳನ್ನೆಲ್ಲ ಒಪ್ಪಿಸುವವನಂತೆ ಗ್ರಂಥವನ್ನು ಪೂರ್ತಿ ಹೇಳಕೂಡದು; ಮುಖ್ಯವಾದವುಗಳನ್ನು ಆರಿಸಿ, ಅವುಗಳ ಮೇಲೆ ನಿಧಾನವಾಗಿ ನಿಲ್ಲಬೇಕು. ಓದಿದವನು ಬಂದರೆ, ಬಲ್ಲವನಿಗೆ ಬಲ್ಲುದನ್ನೇ ಹೇಳಿ ದಣಿಸಬಾರದು.

ವೈಯಾಕರಣರ ವಿಷಯದಲ್ಲಿ ಅವನಾಡಿರುವ ಮಾತು ನನಗೆ ನೇರವಾಗಿ ನಾಟಿತು. ವ್ಯಾಕರಣ, ಅಲಂಕಾರಗಳನ್ನು ಕಲಿತವರು ಸಭೆಗೆ ಬಂದು, ಧರ್ಮಾಧ್ಯಕ್ಷರ ಪ್ರಾರ್ಥನೆಯಲ್ಲಿ ಅಪಶಬ್ದವನ್ನು ಕೇಳಿ ನಗುತ್ತಿದ್ದರಂತೆ. ದೇವರ ಕಿವಿಗೆ ಮುಟ್ಟುವುದು ಹೃದಯದ ಭಾವವೇ ಹೊರತು ಶಬ್ದವಲ್ಲವೆಂದು ಅವರಿಗೆ ತಿಳಿಸು ಎಂದು ಅಗಸ್ಟೀನನ ಉಪದೇಶ. ಅಪಶಬ್ದದಿಂದ ಅಸುರರು ಸೋತರೆಂಬ ಮಹಾಭಾಷ್ಯದ ಕಥೆಯನ್ನು ಬಾಲ್ಯದಲ್ಲಿ ಕೇಳಿ ಬೆಳೆದ ನಮಗೆ ಇದು ಥಟ್ಟನೆ ರುಚಿಸದು. ಆದರೂ ಹೇಳುತ್ತಿರುವವನು ಯಾರೆಂಬುದನ್ನು ನೆನೆಯಬೇಕು: ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ವಾಗ್ಮಿತ್ವವನ್ನು ಬೋಧಿಸಿದ ಪಂಡಿತನೇ ಅವನು. 384ರಲ್ಲಿ ಮಿಲಾನಿಗೆ ಬಂದಾಗ ಸಂಶಯಗ್ರಸ್ತನಾಗಿದ್ದನು. ಅಲ್ಲಿಯ ಧರ್ಮಾಧ್ಯಕ್ಷ ಆಂಬ್ರೋಸನು ಅವನನ್ನು ತಂದೆಯಂತೆ ಬರಮಾಡಿಕೊಂಡನು. ತಾನು ಮೊದಲು ಆತನನ್ನು ಪ್ರೀತಿಸಿದ್ದು ಸತ್ಯಬೋಧಕನೆಂದಲ್ಲ, ತನ್ನಲ್ಲಿ ದಯೆಯಿಟ್ಟವನೆಂದು, ಎಂದು ಅಗಸ್ಟೀನನೇ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾನೆ. ಸ್ನಾನವಾದದ್ದು 387ರ ಈಸ್ಟರಿನಲ್ಲಿ, ಮಗನ ಜೊತೆಯಲ್ಲಿ.

ಬೇಸರಕ್ಕೆ ಅವನು ಹೇಳುವ ಮದ್ದು ಇದು: ನಮಗೆ ಹಳೆಯದಾದ ಊರನ್ನು ಮೊದಲಬಾರಿ ಕಾಣುವ ಮಿತ್ರನಿಗೆ ತೋರಿಸುವಾಗ, ಅವನ ಸಂತೋಷದಿಂದ ನಮಗೂ ಅದು ಹೊಸದಾಗುವುದಿಲ್ಲವೇ? ಕೇಳುವವನು ಆಕಳಿಸಿದರೆ ಮಾತ್ರ ದೋಷವನ್ನು ಅವನಲ್ಲಿ ಹುಡುಕಬಾರದು. ಆಫ್ರಿಕಾದಲ್ಲಿ ಜನರು ನಿಂತೇ ಕೇಳುವ ಪದ್ಧತಿ. ಕಡಲಾಚೆಯ ಕೆಲವು ಸಭೆಗಳಲ್ಲಿ ಕುಳ್ಳಿರಿಸುವರು, ಅದೇ ಮೇಲು ಎನ್ನುತ್ತಾನೆ. ಹಳ್ಳಿಯವನೊಬ್ಬನಿಗೆ ತಾನು ಬೋಧಿಸುತ್ತಿದ್ದಾಗ ಹೀಗೆ ದಣಿವು ಕಂಡು ಪಾಠ ಕಲಿತೆನೆಂದೂ ಬರೆದಿದ್ದಾನೆ. ಆಕಳಿಕೆ ಕಂಡೊಡನೆ ಆಸನವನ್ನು ಕೊಡಿರಿ. ಸಾಧ್ಯವಿದ್ದರೆ ಮೊದಲೇ ಕೊಡಿರಿ.

ನನ್ನ ತರಗತಿಯಲ್ಲಿ ಆಕಳಿಸಿದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು.